ಜಿಸಿಸಿ ಬಿಗಿ, ಕ್ಲ್ಯಾಂಗ್ ಸಡಿಲ: ವೆಕ್ಟರ್ ಟೈಪ್ ವಿಷಯದಲ್ಲಿ ಎರಡು ಕಂಪೈಲರ್‌ಗಳ ವಿಮರ್ಶೆ

ಆಡಿಯೊ ಫಿಲ್ಟರ್ ಕೋಡ್ ಬರೆಯುವುದು ನನ್ನ ಕೆಲಸ. ಅದೇ ಕೋಡ್ ಇಂಟೆಲ್ ಚಿಪ್ ಮೇಲೂ ಓಡಬೇಕು, ಆರ್ಮ್ ಮೇಲೂ ಓಡಬೇಕು. ಹಾಗಾಗಿ ಸಿ, ಸಿ++ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗಳಾದ ಜಿಸಿಸಿ, ಕ್ಲ್ಯಾಂಗ್ ಎರಡೂ ನನಗೆ ದಿನಾ ಬೇಕು. ಯಾವುದರ ಕೋಡ್ ಫಾಸ್ಟ್ ಅನ್ನೋ ಜಗಳ ಬೇರೆಯವರಿಗಿರಲಿ. ವೆಕ್ಟರ್ ಟೈಪ್ ಅಂದರೆ ಹಲವು ಸಂಖ್ಯೆಗಳನ್ನು ಒಟ್ಟಿಗೆ ಹಿಡಿದು ಒಂದೇ ಏಟಿಗೆ ಲೆಕ್ಕ ಮಾಡುವ ಟೈಪ್. ಅಂಥ ಎರಡು ಎದುರಾದಾಗ ಕಂಪೈಲರ್ ಏನು ಮಾಡುತ್ತದೆ, ನಾನು ನೋಡುವುದು ಅಷ್ಟೇ.

ಇಲ್ಲಿ ಪ್ರಶ್ನೆ ಎರಡಿವೆ. ಇವೆರಡೂ ಒಂದೇ ಟೈಪಾ? ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟರೆ ನಡೆಯುತ್ತಾ? ಮೊದಲನೆಯದಕ್ಕೆ "ಅಲ್ಲ" ಅಂದ ಕಂಪೈಲರ್ ಎರಡನೆಯದಕ್ಕೆ "ಪರವಾಗಿಲ್ಲ, ಕೊಡು" ಅನ್ನಬಹುದು. ಆ "ಪರವಾಗಿಲ್ಲ" ಎಲ್ಲಿಯವರೆಗೆ ಅನ್ನೋದರ ಮೇಲೆ ನನ್ನ ಮಾರ್ಕ್ಸ್.

ಎಸ್‌ಎಸ್‌ಇ ಅಂದರೆ ಇಂಟೆಲ್ ಚಿಪ್‌ನ ವೆಕ್ಟರ್ ಸೂಚನೆಗಳು. ಅದರ 128 ಬಿಟ್‌ನ ಎಂ128ಐ ಟೈಪನ್ನೇ ತಗೊಳ್ಳಿ. ಅದರಲ್ಲಿ 32 ಬಿಟ್‌ನ ನಾಲ್ಕು ಸಂಖ್ಯೆ ಇಡಬಹುದು, 8 ಬಿಟ್‌ನ ಹದಿನಾರು ಇಡಬಹುದು. ಆದರೆ ಈ ಟೈಪನ್ನು ಬರೆದಿಟ್ಟಿರುವ ಹೆಡರ್ ಫೈಲ್ ತೆರೆದು ನೋಡಿ. ಎರಡೂ ಕಂಪೈಲರ್‌ಗಳಲ್ಲಿ ಅದು ಎರಡು ಲಾಂಗ್ ಲಾಂಗ್‌ಗಳ (64 ಬಿಟ್‌ನ ಪೂರ್ಣಾಂಕಗಳ) ವೆಕ್ಟರ್. ಹಾಗಾಗಿ ಎರಡು ಎಂ128ಐ ನಡುವೆ ಪ್ಲಸ್ ಹಾಕಿದರೆ ಕೂಡುವುದು 64 ಬಿಟ್‌ನ ಎರಡು ಲೇನ್‌ಗಳನ್ನು (ವೆಕ್ಟರ್‌ನಲ್ಲಿ ಒಂದೊಂದು ಸಂಖ್ಯೆ ಕೂರುವ ಜಾಗ), 32 ಬಿಟ್‌ನ ನಾಲ್ಕನ್ನಲ್ಲ.

ನಾಲ್ಕು ಇಂಟ್‌ಗಳ (32 ಬಿಟ್‌ನ ಪೂರ್ಣಾಂಕಗಳ) ವೆಕ್ಟರ್ ಎರಡಿವೆ ಅನ್ನಿ. ಒಂದರ ಮೊದಲ ಎರಡು ಲೇನ್‌ಗಳಲ್ಲಿ -1 ಮತ್ತು 5. ಇನ್ನೊಂದರಲ್ಲಿ 1 ಮತ್ತು 5. ಕೂಡಿದರೆ 0, 10 ಬರಬೇಕು ಅಲ್ವಾ? ಇವನ್ನು ಎಂ128ಐ ಕೇಳುವ ಫಂಕ್ಷನ್‌ಗೆ ಕೊಟ್ಟು, ಅದರೊಳಗೆ ಬರೀ ಪ್ಲಸ್ ಇದ್ದರೆ ಬರುವುದು 0, 11. ಮೊದಲ ಲೇನ್‌ನ ಕ್ಯಾರಿ (ಕೂಡುವಾಗ ಮಿಕ್ಕು ಮುಂದಕ್ಕೆ ಹೋಗುವ ಅಂಕೆ) ಪಕ್ಕದ ಲೇನ್‌ಗೆ ನುಗ್ಗಿರುತ್ತದೆ. ಅದೂ ಎಲ್ಲ ಇನ್‌ಪುಟ್‌ಗೂ ಅಲ್ಲ, ಕ್ಯಾರಿ ಹುಟ್ಟಿದಾಗ ಮಾತ್ರ. ಟೆಸ್ಟ್‌ನಲ್ಲಿ ಸಿಕ್ಕಿದರೆ ಪುಣ್ಯ.

ಜಿಸಿಸಿ ಇದನ್ನು ಕಂಪೈಲ್ ಆಗೋಕೇ ಬಿಡುವುದಿಲ್ಲ. ಕ್ಲ್ಯಾಂಗ್‌ಗೆ ಫ್ಲ್ಯಾಗ್ (ಕಂಪೈಲ್ ಮಾಡುವಾಗ ಕೊಡುವ ಆಯ್ಕೆ) ಏನೂ ಕೊಡದಿದ್ದರೆ, ಒಟ್ಟು ಬಿಟ್ ಸಮ ಇದ್ದರೆ ಸಾಕು, ಸುಮ್ನೆ ಒಳಗೆ ಬಿಡುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ವೆಕ್ಟರನ್ನು ತಂದು ಎಂ128ಐಗೆ ಹಾಕಿದರೂ ತುಟಿಪಿಟಕ್ ಅನ್ನುವುದಿಲ್ಲ. ಇದಕ್ಕೊಂದು ವಾರ್ನಿಂಗ್ ಏನೋ ಇದೆ, ಆದರೆ ನಾವೇ ಕೇಳಿ ಆನ್ ಮಾಡಿಸಿಕೊಳ್ಳಬೇಕು. ನನಗಂತೂ ಇದು ಹಿಡಿಸಿಲ್ಲ.

ಹಾಗಂತ ಜಿಸಿಸಿಗೆ ಫುಲ್ ಮಾರ್ಕ್ಸ್ ಕೊಡಲಾರೆ. ಎರರ್ ತೋರಿಸಿದ ಮೇಲೆ ಅದೇ ಒಂದು ಸಲಹೆ ಕೊಡುತ್ತದೆ: ಲ್ಯಾಕ್ಸ್ ವೆಕ್ಟರ್ ಕನ್ವರ್ಷನ್ಸ್ ಫ್ಲ್ಯಾಗ್ ಹಾಕಿದರೆ ಇದು ನಡೆಯುತ್ತದೆ ಅಂತ. ಮ್ಯಾನ್ಯುಯಲ್ ತೆಗೆದರೆ ಹೊಸ ಕೋಡ್‌ಗೆ ಈ ಫ್ಲ್ಯಾಗ್ ಬಳಸಬಾರದು ಅಂತಿದೆ! ಅವಸರದಲ್ಲಿರುವವರು ಮ್ಯಾನ್ಯುಯಲ್ ಎಲ್ಲಿ ಓದುತ್ತಾರೆ?

ಇದೇ ಫ್ಲ್ಯಾಗ್‌ನಲ್ಲಿ ಕ್ಲ್ಯಾಂಗ್ ಮುಂದಿದೆ. ಅಲ್ಲಿ ಮೂರು ಹಂತ: ಆಲ್ (ಎಲ್ಲ ನಡೆಯುತ್ತದೆ), ಇಂಟಿಜರ್ (ಪೂರ್ಣಾಂಕ ವೆಕ್ಟರ್‌ಗಳ ನಡುವೆ ಮಾತ್ರ), ನನ್ (none, ಯಾವುದೂ ನಡೆಯದು). ಹಳೇ ಕೋಡ್ ಕೈಗೆ ಬಂದರೆ ನಾನು ಮೊದಲು ಇಂಟಿಜರ್ ಹಾಕುತ್ತೇನೆ. ಫ್ಲೋಟ್-ಇಂಟ್ ಕಲಬೆರಕೆಗಳು ಮಾತ್ರ ಎರರ್ ಆಗಿ ಮೇಲೆ ಬರುತ್ತವೆ. ಅವನ್ನು ಸರಿಮಾಡಿ ಆಮೇಲೆ ನನ್‌ಗೆ ಹೋಗುತ್ತೇನೆ. ಒಂದೇ ಏಟಿಗೆ ನೂರಾರು ಎರರ್ ನೋಡುವ ತಲೆನೋವಿಲ್ಲ.

ಬಿಗಿ ಮಾಡಿದರೆ ಕಿರಿಕಿರಿಯೂ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್64_ಟಿ ಅಂದರೆ ಲಾಂಗ್. ಅಂಥ ಎರಡನ್ನು ಸೇರಿಸಿ ವೆಕ್ಟರ್ ಮಾಡಿ ಎಂ128ಐಗೆ ಕೊಟ್ಟರೆ ಎರರ್. ಅದೇ ಅಗಲ, ಅದೇ ಎರಡು ಲೇನ್, ಅದೇ ರಿಜಿಸ್ಟರ್. ಆದರೂ ಲಾಂಗ್ ಬೇರೆ, ಲಾಂಗ್ ಲಾಂಗ್ ಬೇರೆ. ನಿಯಮ ಸರಿ, ಸಿಟ್ಟು ಬರುವುದೂ ಸರಿ.

ಆಗ ಕಾಸ್ಟ್ (ಈ ಟೈಪ್ ಆಗಿ ತಗೋ ಅಂತ ಬರೆದು ಹೇಳುವುದು) ಹಾಕಬೇಕು. ಅದರಲ್ಲೂ ಹುಷಾರು. ಒಂಟಿ ಫ್ಲೋಟ್ 1.0 ಅನ್ನು ಇಂಟ್‌ಗೆ ಕಾಸ್ಟ್ ಮಾಡಿದರೆ 1. ವೆಕ್ಟರ್‌ನಲ್ಲಿ ಅದನ್ನೇ ಮಾಡಿದರೆ ಬಿಟ್‌ಗಳು ಹಾಗೇ ಉಳಿದು ಲೇನ್‌ನಲ್ಲಿ 1065353216 ಬಂದು ಕೂರುತ್ತದೆ. ಇಲ್ಲೂ 1.0 ಹೋಗಿ 1 ಆಗಬೇಕಿದ್ದರೆ ಕನ್ವರ್ಟ್‌ವೆಕ್ಟರ್ ಬಿಲ್ಟಿನ್ (ಕಂಪೈಲರ್‌ನಲ್ಲೇ ಇರುವ ಫಂಕ್ಷನ್) ಬಳಸಿ. ಕ್ಲ್ಯಾಂಗ್‌ಗೆ ಮೊದಲು ಬಂತು, ಜಿಸಿಸಿಗೆ ಆಮೇಲೆ 9ನೇ ಆವೃತ್ತಿಯಲ್ಲಿ ಬಂತು.

ಇನ್ನು ಆರ್ಮ್. ಅಲ್ಲಿನ ವೆಕ್ಟರ್ ಸೂಚನೆಗಳ ಹೆಸರು ನಿಯಾನ್. ನಿಯಾನ್‌ನ ನಾಲ್ಕು ಇಂಟ್‌ಗಳ ಟೈಪ್, ನಾನೇ ವೆಕ್ಟರ್ ಸೈಜ್ ಕೊಟ್ಟು ಮಾಡಿಕೊಂಡ ನಾಲ್ಕು ಇಂಟ್‌ಗಳ ಟೈಪ್, ಇವೆರಡು ಕ್ಲ್ಯಾಂಗ್‌ಗೆ ಒಂದೇ ಅಲ್ಲ. ಸಿ++ನಲ್ಲಿ ಎರಡರ ಮ್ಯಾಂಗಲ್ ಆದ ಹೆಸರೂ (ಕಂಪೈಲರ್ ಒಳಗೊಳಗೇ ಕಟ್ಟುವ ಹೆಸರು) ಬೇರೆ. ಆದರೆ ಎಷ್ಟೇ ಬಿಗಿ ಮಾಡಿದರೂ ಒಂದನ್ನು ಇನ್ನೊಂದಕ್ಕೆ ಆರಾಮಾಗಿ ಹಾಕಬಹುದು. ಸಿ ಬರೆಯುವವರಿಗೆ ಇದರಿಂದ ತುಂಬ ಅನುಕೂಲ. ಟೆಂಪ್ಲೇಟ್ (ಹಲವು ಟೈಪ್‌ಗೆ ಹೊಂದುವ ಸಿ++ನ ಮಾದರಿ ಕೋಡ್) ಬರೆಯುವವರಿಗೆ ಮಾತ್ರ ಕಷ್ಟ. ನಿಯಾನ್ ಟೈಪ್‌ಗೆ ಅಂತ ಬರೆದ ವಿಶೇಷ ಆವೃತ್ತಿ (ಸ್ಪೆಷಲೈಸೇಷನ್) ನನ್ನ ಟೈಪ್‌ಗೆ ತಾಗುವುದೇ ಇಲ್ಲ, ಸಾಮಾನ್ಯ ಟೆಂಪ್ಲೇಟೇ ಓಡುತ್ತದೆ. ಕಂಪೈಲರ್ ಒಂದು ಮಾತೂ ಹೇಳುವುದಿಲ್ಲ, ಯಾಕಂದರೆ ಅದರ ಪ್ರಕಾರ ಇಲ್ಲಿ ತಪ್ಪೇ ಇಲ್ಲ. ಆರ್ಮ್ ಬಿಲ್ಡ್‌ನಲ್ಲಿ ನಮ್ಮ ಟೈಪ್‌ಡೆಫ್ (ಟೈಪ್‌ಗೆ ನಾವಿಡುವ ಹೆಸರು) ಅನ್ನು ನಿಯಾನ್ ಟೈಪಿನಿಂದಲೇ ಮಾಡಿಕೊಂಡರೆ ಈ ಗೋಳಿಲ್ಲ.