ಐಡಿ ಕಾರ್ಡ್ ಮಾಡಿಸುವವರೇ, ಪಂಚ್ ಹೊಡೆದ ತೂತು ನೋಡಿ ದುಡ್ಡು ಕೊಡಿ

ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯ ಶಾಲೆ, ಸಂಘಗಳವರು ಗಮನಿಸಿ. ಕಳೆದ ಮಳೆಗಾಲದಲ್ಲಿ ಒಂದು ಶಾಲೆಯ ಅಷ್ಟೂ ಕಾರ್ಡ್ ಹಾಳಾದವು. ಜೂನ್‌ನಲ್ಲಿ ಮಕ್ಕಳ ಕೊರಳಿಗೆ ಬಿದ್ದ ಕಾರ್ಡಿನಲ್ಲಿ ಕಕ್ಕಡ (ಜುಲೈ ಮಧ್ಯದಲ್ಲಿ ಶುರುವಾಗುವ ಕೊಡವ ತಿಂಗಳು) ಹುಟ್ಟುವಷ್ಟರಲ್ಲಿ ಮುಖವೇ ಇಲ್ಲ. ಹೆಸರು, ತರಗತಿ ಮಾತ್ರ ಸರಿಯಾಗಿವೆ. "ಮಕ್ಕಳು ಒದ್ದೆ ಮಾಡ್ಕೊಂಡ್ರೆ ನಾವೇನ್ ಮಾಡೋದು" ಅಂದರು ಅಂಗಡಿಯವರು. ಜುಲೈಯಲ್ಲಿ ಒದ್ದೆಯಾಗದ ಮಗು ಕೊಡಗಿನಲ್ಲಿ ಎಲ್ಲಿ ಸಿಗಬೇಕು?

ಆ ಕಾರ್ಡ್ ಮಾಡಿದ್ದು ಹೀಗೆ: ದಪ್ಪ ಕಾಗದದ ಮೇಲೆ ಇಂಕ್‌ಜೆಟ್ ಪ್ರಿಂಟ್, 125 ಮೈಕ್ರಾನ್ ಪೌಚ್‌ನಲ್ಲಿ ಲ್ಯಾಮಿನೇಶನ್, ಆಮೇಲೆ ಟ್ಯಾಗಿಗೆಂದು ಕಾಗದದ ಸಮೇತ ಪಂಚ್. ಕೆಟ್ಟಿದ್ದೇ ಅಲ್ಲಿ. ಆ ತೂತಿನ ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಪ್ಲಾಸ್ಟಿಕ್ ಪದರದ ನಡುವೆ ಕಾಗದದ ಬಿಳಿ ಗೆರೆ ಕಾಣುತ್ತದೆ. ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರೆಳೆಯುತ್ತದೆ, ನೀರಲ್ಲಿ ಕರಗುವ ಡೈ ಇಂಕ್ ಹರಡುತ್ತದೆ. ಕೆಲವು ಪ್ರಿಂಟರ್‌ಗಳಲ್ಲಿ ಕಪ್ಪು ಮಾತ್ರ ನೀರಲ್ಲಿ ಕರಗದ ಪಿಗ್ಮೆಂಟ್ ಇಂಕ್, ಅದಕ್ಕೇ ಅಕ್ಷರ ಉಳಿಯುತ್ತದೆ. ಇಡೀ ಎ4 ಹಾಳೆಯನ್ನು ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿದರಂತೂ ನಾಲ್ಕೂ ಅಂಚು ಬಾಯಿ ತೆರೆದಿರುತ್ತವೆ.

ಕಡಿಮೆ ದುಡ್ಡಿಗೆ ಪೌಚೇ ಬೇಕೆಂದರೆ ಕಾಗದವನ್ನು ಮೊದಲೇ ಕತ್ತರಿಸಿಸಿ. ಮೂರು ಬದಿ 3 ಮಿ.ಮೀ., ಮೇಲೆ 12 ಮಿ.ಮೀ. ಬರೀ ಪ್ಲಾಸ್ಟಿಕ್ ಉಳಿಯಬೇಕು, ಪಂಚ್ ಆ ಮೇಲಿನ ಪಟ್ಟಿಗೆ ಮಾತ್ರ. ಪ್ರಿಂಟ್ ಒಂದು ರಾತ್ರಿ ಒಣಗಲಿ. ಥಂಡಿ ಹಿಡಿದ ಕಾಗದ ರೋಲರ್‌ಗೆ ಹೋದರೆ ತೇವ ಆವಿಯಾಗಿ ಒಳಗೆ ಬಿಳಿ ಗುಳ್ಳೆ ಏಳುತ್ತದೆ.

ನಮ್ಮ ಮಳೆಗೆ ಫ್ಯೂಸಿಂಗ್ ಪಿವಿಸಿಯೇ (ಪ್ಲಾಸ್ಟಿಕ್ ಹಾಳೆಗಳನ್ನು ಶಾಖ, ಒತ್ತಡದಿಂದ ಬೆಸೆದು ಮಾಡುವ ಕಾರ್ಡ್) ವಾಸಿ. 85.6 × 54 ಮಿ.ಮೀ., ದಪ್ಪ 0.76 ಮಿ.ಮೀ., ಎಟಿಎಂ ಕಾರ್ಡಿನ ಅಳತೆಯೇ. ಕಾಗದವೇ ಇಲ್ಲ, ಹಾಗಾಗಿ ಎಲ್ಲಿ ಪಂಚ್ ಹೊಡೆದರೂ ನೀರೆಳೆಯುವುದಿಲ್ಲ. ಆದರೆ ಶಾಖ ಸಾಲದಿದ್ದರೆ ಪದರ ಬಿಡುತ್ತದೆ; ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಥರ್ಮಲ್ ಪ್ರಿಂಟರ್ ಕಾರ್ಡಾದರೆ ರಿಬ್ಬನ್‌ನಲ್ಲಿ ಓವರ್‌ಲೇ (ಪ್ರಿಂಟಿನ ಮೇಲೆ ಕೂರುವ ಪಾರದರ್ಶಕ ಪದರ) ಇದೆಯೇ ಕೇಳಿ. ಇಲ್ಲದಿದ್ದರೆ ಫೋಟೊ ಉಜ್ಜಿ ಹೋಗುತ್ತದೆ. ಮೆತ್ತನೆಯ ವಿನೈಲ್ ಕವರ್ ಬೇಡ, ಅದು ಬಣ್ಣವನ್ನು ತನಗೆ ಅಂಟಿಸಿಕೊಳ್ಳುತ್ತದೆ. ಗಟ್ಟಿ ಹೋಲ್ಡರ್ ಹಾಕಿ.

ಯಾವುದೇ ವಿಧಾನವಿರಲಿ, ಪಂಚ್ ಹೊಡೆದ ಒಂದು ಸ್ಯಾಂಪಲ್ ಕೇಳಿ ಪಡೆದು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಸ್ಯಾಂಪಲ್ ಕೊಡಲ್ಲ ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ.

ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿ ಮುಖ ಮಸುಕಾಗುತ್ತದೆ. ಅಂಗಡಿಗೆ ಕೊಡುವ ಎಕ್ಸೆಲ್ ಪಟ್ಟಿಯಲ್ಲಿ ಮಕ್ಕಳ ಆಧಾರ್ ಸಂಖ್ಯೆಯ ಕಾಲಂ ಇದ್ದರೆ ಮೊದಲು ಅಳಿಸಿ. ಕಾರ್ಡಿಗೆ ಅದರ ಅಗತ್ಯವೇ ಇಲ್ಲ.