ಮಂಗನ ಕಾಯಿಲೆಯ ಜ್ವರ ಬಿಟ್ಟಿತು ಅಂತ ನಿರಾಳರಾಗಬೇಡಿ

ಮನೆಯಲ್ಲಿ ಯಾರಿಗಾದರೂ ಮಂಗನ ಕಾಯಿಲೆ ಬಂದು, ಆಸ್ಪತ್ರೆಯಿಂದ ಈಗಷ್ಟೇ ವಾಪಸ್ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಜ್ವರ ಬಿಟ್ಟ ಮೇಲೂ ಈ ಕಾಯಿಲೆ ಎರಡನೇ ಸಲ ಏಳಬಹುದು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಮ್ಮನೆಯವರನ್ನು ಒಂದೂವರೆ ದಿನ ಮನೆಯಲ್ಲೇ ಮಲಗಿಸಿಕೊಂಡು ಕೂರುತ್ತಿರಲಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ದನ, ಮನೆ ಹಿಂದೆ ಸೊಪ್ಪಿನ ಬೆಟ್ಟ. 2019ರಲ್ಲಿ ಅರಳಗೋಡು ಕಡೆ ಇದೇ ಕಾಯಿಲೆಯಿಂದ ಜನ ಸತ್ತಿದ್ದು ನಮ್ಮೂರಲ್ಲಿ ಯಾರೂ ಮರೆತಿಲ್ಲ. ಆದರೂ ಕಳೆದ ವರ್ಷ ಫೆಬ್ರವರಿಯಲ್ಲಿ ಇವರು ಕೊಟ್ಟಿಗೆಗೆ ಒಣ ಎಲೆ ತರಲು ಬೆಟ್ಟಕ್ಕೆ ಹೋದಾಗ, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಡೆಪಾ ಎಣ್ಣೆಯ ಬಾಟಲಿ ಕಿಟಕಿಯಲ್ಲೇ ಇತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. "ಎರಡು ಹೊರೆ ತರೋಕೆ ಎಣ್ಣೆ ಯಾಕೆ ಮಾರಾಯ್ತಿ" ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಐದಾರು ದಿನಕ್ಕೆ ಚಳಿ ಹತ್ತಿ ಜ್ವರ ಬಂತು. ತಲೆ ಸಿಡಿತ, ಸೊಂಟ ಕಾಲು ಎಲ್ಲ ನೋವು, ಕಣ್ಣು ಕೆಂಪು. ಪೇಟೆಯ ಮೆಡಿಕಲ್‌ನಲ್ಲಿ ಮೈಕೈ ನೋವು ಅಂದಿದ್ದಕ್ಕೆ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಡಾಕ್ಟರ ಚೀಟಿ ಕೇಳಲಿಲ್ಲ, ಜ್ವರ ಇದೆಯಾ ಅಂತಲೂ ಕೇಳಲಿಲ್ಲ. ಎರಡು ದಿನ ನುಂಗಿದರು. ಮೂರನೇ ದಿನ ರಾತ್ರಿ ಬಾಯಿ ಮುಕ್ಕಳಿಸಿದಾಗ ವಸಡಿನಿಂದ ರಕ್ತ ಬಂತು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿಯುತ್ತದೆ. ಆಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಇನ್ನೂ ಜಾಸ್ತಿ. ನಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಯಾವ ಜ್ವರ ಬಂದರೂ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಳ್ಳಬೇಡಿ. ಪ್ಯಾರಾಸಿಟಮಾಲ್ ಆದರೂ ವೈದ್ಯರು ಹೇಳಿದಷ್ಟೇ.

ನಾಲ್ಕನೇ ದಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಗಿ ಪಾಸಿಟಿವ್ ಅಂತ ಬಂತು. ಈ ವೈರಸ್ಸಿಗೆ ಅಂತಲೇ ಬೇರೆ ಮದ್ದಿಲ್ಲ. ಡ್ರಿಪ್ ಹಾಕಿ, ಬಿಪಿ, ಪ್ಲೇಟ್‌ಲೆಟ್ ನೋಡುತ್ತಾ ಇದ್ದರು. ಅಲ್ಲಿ ಚೆನ್ನಾಗಿಯೇ ನೋಡಿಕೊಂಡರು, ಅದನ್ನು ಇಲ್ಲ ಅನ್ನಲಾರೆ. ಜ್ವರ ಬಿಟ್ಟಿತು, ಕಾಯಿಲೆ ಶುರುವಾದ ಹನ್ನೊಂದನೇ ದಿನ ಡಿಸ್ಚಾರ್ಜ್.

ತಪ್ಪಿದ್ದು ಅಲ್ಲೇ. ಬಿಲ್ಲು, ಔಷಧಿ, ಸಹಿ ಎಲ್ಲ ಆಯಿತು. ಮನೆಯಲ್ಲಿ ಏನು ಗಮನಿಸಬೇಕು ಅಂತ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ 'ರಿವ್ಯೂ ಎಸ್‌ಒಎಸ್' ಅಂತ ಇಂಗ್ಲಿಷಿನಲ್ಲಿ ಗೀಚಿದ್ದರು. ಅದರರ್ಥ, ತೊಂದರೆಯಾದರೆ ಬನ್ನಿ ಅಂತ. ಯಾವ ತೊಂದರೆ? ಎಷ್ಟು ದಿನದವರೆಗೆ? ನಾನೂ ಕೇಳಲಿಲ್ಲ. ಮನೆಗೆ ಹೊರಟ ಖುಷಿಯಲ್ಲಿ ಇದ್ದೆ.

ಮನೆಗೆ ಬಂದ ಮೇಲೆ ನಾವು ಬೇಡದ್ದಕ್ಕೆಲ್ಲ ಹೆದರಿದೆವು. ಅತ್ತೆ ಇವರಿಗೆ ಬೇರೆ ತಟ್ಟೆ ಲೋಟ ಇಟ್ಟರು. ಮಗಳನ್ನು ಹತ್ತಿರ ಬಿಡಲಿಲ್ಲ. ಪಕ್ಕದ ಮನೆಯವರು ಅಂಗಳದಲ್ಲೇ ನಿಂತು ಮಾತಾಡಿಸಿ ಹೋದರು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆ ಅಲ್ಲ. ಉಣುಗು ಕಚ್ಚಿದರೆ ಬರುವುದು. ಮಗಳು ಬಾಗಿಲ ಹತ್ತಿರ ನಿಂತು "ಅಪ್ಪಾ, ಯಾವಾಗ ಒಳಗೆ ಬರಲಿ?" ಅಂತ ಕೇಳುತ್ತಿದ್ದುದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ನಾಲ್ಕು ದಿನ ಸುಮ್ನೆ ಅವರನ್ನು ಒಂಟಿಯಾಗಿ ಕೂರಿಸಿದೆವು. ಆದರೆ ನಿಜವಾಗಿ ಹೆದರಬೇಕಿದ್ದ ವಿಷಯಕ್ಕೆ ಹೆದರಲಿಲ್ಲ. ಹದಿನೈದನೇ ದಿನ ತೋಟಕ್ಕೆ ಹೊರಟರೆ "ಹೋಗಿ ಬನ್ನಿ, ಗಾಳಿ ಬೆಳಕು ಒಳ್ಳೆಯದು" ಅಂದವಳು ನಾನೇ.

ಹತ್ತೊಂಬತ್ತನೇ ದಿನ, ಶುಕ್ರವಾರ, ಸಂಜೆ ನಾಲ್ಕರ ಹೊತ್ತು. ಜಗಲಿಯಲ್ಲಿ ಕಾಫಿ ಕೊಟ್ಟೆ. ಲೋಟ ಎತ್ತಿದರು, ಕೈ ನಡುಗಿತು. ಬಿಸಿ ಕಾಫಿ ಪಂಚೆ ಮೇಲೆ ಚೆಲ್ಲಿತು. ಅವರು ಲೋಟ ಕೆಳಗಿಡಲಿಲ್ಲ, ಬಟ್ಟೆ ಕೊಡವಲಿಲ್ಲ. ನಡುಗುತ್ತಿದ್ದ ಕೈಯನ್ನೇ ನೋಡುತ್ತಾ ಕೂತರು. "ಏನಾಯ್ತ್ರೀ?" ಅಂದೆ. "ಏನಿಲ್ಲ, ಸುಸ್ತು" ಅಂದರು. ರಾತ್ರಿ ಮತ್ತೆ ಮೈ ಬಿಸಿಯಾಯಿತು. ತಲೆಗೆ ಟವೆಲ್ ಬಿಗಿದು ಕಟ್ಟಿಕೊಂಡು "ಲೈಟ್ ಆರಿಸೇ, ಕಣ್ಣಿಗೆ ಚುಚ್ಚುತ್ತೆ" ಅಂದರು. ಅತ್ತೆ ಪಿತ್ತ ಏರಿದೆ ಅಂತ ಕಷಾಯ ಮಾಡಿದರು.

ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಗುಂಡಿ ಬೆರಳಿಗೆ ಸಿಗುತ್ತಿತ್ತು, ಕಾಜಾ ಸಿಗುತ್ತಿರಲಿಲ್ಲ. "ಕೊನೆ ಕೊಯ್ಯುವವರು ಬಂದ್ರಾ?" ಅಂತ ಕೇಳಿದರು. ನಮ್ಮ ಅಡಿಕೆ ಕೊಯ್ಲು ಮುಗಿದು ತಿಂಗಳ ಮೇಲಾಗಿತ್ತು. ಇಲ್ಲ ಅಂದೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನನಗೆ ಎದೆ ಧಸಕ್ಕೆಂದಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗಿ "ವೀಕ್‌ನೆಸ್ ಇರುತ್ತೆ ಮೇಡಂ, ಸೋಮವಾರ ಒಪಿಡಿಗೆ ಕರ್ಕೊಂಡು ಬನ್ನಿ" ಅಂದಳು. ಡಾಕ್ಟರಿಗೆ ಕೊಡಿ ಅಂದಿದ್ದಕ್ಕೆ ರೌಂಡ್ಸ್‌ನಲ್ಲಿದ್ದಾರೆ ಅಂತ ಇಟ್ಟುಬಿಟ್ಟಳು. ನಾನು ಅದನ್ನು ನಂಬಿ ಶನಿವಾರ ಪೂರ್ತಿ ಗಂಜಿ ಕುಡಿಸುತ್ತಾ ಕಳೆದೆ.

ಭಾನುವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದವಳು ಇವರನ್ನು ಒಮ್ಮೆ ನೋಡಿದಳು, ನನ್ನನ್ನು ಕೇಳಿದಳು, "ಅಕ್ಕಾ, ಜ್ವರ ಶುರುವಾಗಿ ಎಷ್ಟು ದಿನ ಆಯ್ತು?" ಲೆಕ್ಕ ಹಾಕಿ ಹೇಳಿದೆ. ಅವಳು ಒಳಗೆ ಕೂರಲೂ ಇಲ್ಲ, 108ಕ್ಕೆ ಫೋನ್ ಮಾಡಿದಳು.

ಬೇರೆ ಆಸ್ಪತ್ರೆಯ ವೈದ್ಯರು ಆಮೇಲೆ ಬಿಡಿಸಿ ಹೇಳಿದರು. ಹೆಚ್ಚಿನವರು ಒಂದೆರಡು ವಾರದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆದರೆ 100ರಲ್ಲಿ 10ರಿಂದ 20 ಜನರಿಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರುಕಳಿಸುತ್ತದೆ. ಈ ಸಲ ತೊಂದರೆ ಕೊಡುವುದು ಮಿದುಳಿಗೆ, ನರಕ್ಕೆ. ಜೋರು ತಲೆನೋವು, ಕೈ ನಡುಕ, ಕಣ್ಣು ಮಂಜು, ಗೊಂದಲದ ಮಾತು. ಈ ಕಾಯಿಲೆಯನ್ನು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು 1957ರಲ್ಲಿ. ಇಷ್ಟು ವರ್ಷವಾದರೂ ಮನೆಗೆ ಕಳಿಸುವಾಗ ಇಷ್ಟು ಮಾತು ಹೇಳಿ ಕಳಿಸಬೇಕು ಅನ್ನಿಸುವುದಿಲ್ಲವಲ್ಲ, ಅದೇ ನನಗೆ ಸಂಕಟ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಜ್ವರ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ನಾಲ್ಕು ವಾರ ಎಣಿಸಿ. ಮನೆಗೆ ಬಂದ ದಿನದಿಂದ ಅಲ್ಲ. ಅಷ್ಟೂ ದಿನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ. ಕೈ ನಡುಗುತ್ತಿದೆಯಾ ನೋಡಿ, ಮಾತಾಡಿಸಿ. ಇವತ್ತು ಯಾವ ವಾರ ಅಂತ ಕೇಳಿದರೆ ಅವರಿಗೆ ಸಿಟ್ಟು ಬರಬಹುದು, ಬರಲಿ. ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೂ ಕಾಯಬೇಡಿ. ಫೋನಿನಲ್ಲಿ ಸುಸ್ತು ಅನ್ನಬೇಡಿ. "ಮಂಗನ ಕಾಯಿಲೆ ಪಾಸಿಟಿವ್ ಆಗಿತ್ತು, ಇವತ್ತು ಇಷ್ಟನೇ ದಿನ, ಕೈ ನಡುಗುತ್ತಿದೆ" ಅಂತ ಹೇಳಿ. ಸೋಮವಾರ ಬನ್ನಿ ಅಂದರೆ ಒಪ್ಪಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಹಳೆಯ ಡಿಸ್ಚಾರ್ಜ್ ಹಾಳೆ, ಲ್ಯಾಬ್ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ನಾನು ಗಡಿಬಿಡಿಯಲ್ಲಿ ರಿಪೋರ್ಟ್ ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಇನ್ನು, ರೋಗಿಯನ್ನು ನೋಡಿಕೊಳ್ಳುವವರು ನೀವೇ ಆದ್ದರಿಂದ ಬೆಟ್ಟಕ್ಕೂ ಕೊಟ್ಟಿಗೆಗೂ ಹೋಗುವವರು ನೀವೇ ಆಗುತ್ತೀರಿ. ಎಣ್ಣೆ ಹಚ್ಚಿಕೊಂಡೇ ಹೋಗಿ. ಬಂದ ತಕ್ಷಣ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮರಿ ಉಣುಗು ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣಗಿರುತ್ತದೆ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ, ಸದ್ಯಕ್ಕೆ ಈ ಎಣ್ಣೆಯೇ ಆಸರೆ.

ಇವರು ಎರಡನೇ ಸಲ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕೈ ನಡುಕ ನಿಲ್ಲಲು ಎರಡು ತಿಂಗಳು ಹಿಡಿಯಿತು. ಈಗ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೆ ಕೈ ಸೋಲುತ್ತದೆ, ಆಗ ಮಗಳು ಬಂದು ಪಕ್ಕದಲ್ಲಿ ಕೂರುತ್ತಾಳೆ.