ಬ್ಯುರೆಟ್ಟಿಗೆ ಯಾವುದು ವಾಸಿ: ಗಾಜು, ರಬ್ಬರ್, ಟೆಫ್ಲಾನ್?

ಬ್ಯುರೆಟ್ ಅನ್ನುವ ಅಳತೆಗೆರೆಯ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಸೇರಿಸಿ, ಎಷ್ಟು ಬೇಕಾಯಿತೆಂದು ಅಳೆಯುವುದೇ ಟೈಟ್ರೇಶನ್. ಅದು ಕೆಡುವುದು ಹೆಚ್ಚಾಗಿ ಕೊನೆಯ ಒಂದೆರಡು ಹನಿಯಲ್ಲಿ. ಒಂದು ಹನಿ ಅಂದರೆ ಸುಮಾರು 0.05 ಮಿ.ಲೀ. ಆ ಹನಿ ನಿಮ್ಮ ಮಾತು ಕೇಳುತ್ತದೋ ಇಲ್ಲವೋ ಅನ್ನುವುದು ಬ್ಯುರೆಟ್ಟಿನ ಸ್ಟಾಪ್‌ಕಾಕ್ (ತುದಿಯ ನಲ್ಲಿ) ಮೇಲೆ ನಿಂತಿದೆ. ಮೂರು ಬಗೆಯವನ್ನೂ ಬಳಸಿದ್ದೇನೆ.

ಗಾಜಿನ ಸ್ಟಾಪ್‌ಕಾಕ್ ಚೆನ್ನಾಗಿ ಕೂತಿದ್ದರೆ ಬೆರಳಿಗೆ ಹಿತ. ಆದರೆ ಅದಕ್ಕೆ ವ್ಯಾಸಲೀನ್ ಹಚ್ಚುವುದೇ ಒಂದು ಕಸುಬು. ಕಡಿಮೆಯಾದರೆ ಸೋರುತ್ತದೆ. ಜಾಸ್ತಿಯಾದರೆ ತೂತಿಗೆ ಮೆತ್ತಿಕೊಂಡು ಹನಿಯೇ ಇಳಿಯುವುದಿಲ್ಲ. ಜಿಡ್ಡು ಒಳಗೋಡೆಗೆ ತಗುಲಿದರಂತೂ ದ್ರಾವಣ ಅಲ್ಲಲ್ಲಿ ಹನಿಹನಿಯಾಗಿ ನಿಂತುಬಿಡುತ್ತದೆ, ರೀಡಿಂಗ್ ನಂಬುವ ಹಾಗಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ತೊಳೆಯದೆ ಬಿಟ್ಟರೆ ಕಥೆ ಮುಗಿಯಿತು. ಕ್ಷಾರ ಗಾಜನ್ನು ತಿನ್ನುತ್ತದೆ, ಸ್ಟಾಪ್‌ಕಾಕ್ ಕಚ್ಚಿಕೊಳ್ಳುತ್ತದೆ.

ಕ್ಷಾರಕ್ಕೆ ರಬ್ಬರ್ ಕೊಳವೆ, ಪಿಂಚ್ ಕ್ಲಿಪ್ (ಒತ್ತಿದರೆ ತೆರೆಯುವ, ಬಿಟ್ಟರೆ ಕೊಳವೆಯನ್ನು ಅಮುಕುವ ಕ್ಲಿಪ್) ಇರುವ ಬ್ಯುರೆಟ್ ಒಳ್ಳೆಯದು. ಅಗ್ಗ, ಕಚ್ಚಿಕೊಳ್ಳುವ ತಲೆನೋವಿಲ್ಲ. ಗಾಳಿಗುಳ್ಳೆ ತೆಗೆಯುವುದೂ ಇದರಲ್ಲೇ ಸುಲಭ: ತುದಿಯನ್ನು ಮೇಲಕ್ಕೆ ಬಗ್ಗಿಸಿ ಕ್ಲಿಪ್ ಒತ್ತಿದರೆ ಪುಳಕ್ಕನೆ ಹೋಗುತ್ತದೆ. ಎಂಡ್ ಪಾಯಿಂಟ್ (ಬಣ್ಣ ಬದಲಾಗಿ, ಹನಿ ನಿಲ್ಲಿಸಬೇಕಾದ ಹಂತ) ಹತ್ತಿರ ಬಂದಾಗ ಮಾತ್ರ ನನಗೆ ಇದು ಸರಿಹೋಗುವುದಿಲ್ಲ. ಕ್ಲಿಪ್ ಬಿಟ್ಟ ಕೂಡಲೇ ಕೊಳವೆ ಚಪ್ಪಟೆಯಾಗಿ, ಒಳಗಿದ್ದದ್ದು ತುದಿಗೆ ನುಗ್ಗಿ, ಬೇಡದ ಹನಿಯೊಂದು ಬಿದ್ದಿರುತ್ತದೆ. ಪರ್ಮಾಂಗನೇಟ್, ಅಯೋಡಿನ್, ಸಿಲ್ವರ್ ನೈಟ್ರೇಟ್ ಇದಕ್ಕೆ ಹಾಕಲೇಬಾರದು, ರಬ್ಬರನ್ನು ಹಾಳು ಮಾಡುತ್ತವೆ. ತಮಾಷೆ ನೋಡಿ, ಈ ಕ್ಲಿಪ್ಪಿಗೂ ಪಿಯುಸಿ ಪ್ರಾಕ್ಟಿಕಲ್ಲಿನ ಮೋರ್ ಸಾಲ್ಟಿಗೂ (ಕಬ್ಬಿಣದ ಒಂದು ಲವಣ) ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಫ್ರೀಡ್ರಿಖ್ ಮೋರ್ ಅವರದೇ ಹೆಸರು. ಮೋರ್ ಸಾಲ್ಟನ್ನು ಪರ್ಮಾಂಗನೇಟಿನಿಂದ ಟೈಟ್ರೇಟ್ ಮಾಡಲು ಅವರ ಕ್ಲಿಪ್ಪೇ ಆಗಿಬರುವುದಿಲ್ಲ!

ಟೆಫ್ಲಾನಿಗೆ ಬೆಲೆ ಸ್ವಲ್ಪ ಜಾಸ್ತಿ. ಆದರೆ ವ್ಯಾಸಲೀನ್ ಬೇಡ, ಕ್ಷಾರವೂ ನಡೆಯುತ್ತದೆ, ಪರ್ಮಾಂಗನೇಟೂ ನಡೆಯುತ್ತದೆ. ಪಕ್ಕದ ನಟ್ ಸಡಿಲವಾದರೆ ಸೋರುತ್ತದೆ, ಆಗಾಗ ನೋಡಿಕೊಳ್ಳಬೇಕು ಅಷ್ಟೆ. ಎಡಗೈಯನ್ನು ಬ್ಯುರೆಟ್ ಸುತ್ತ ಬಳಸಿ ಸ್ಟಾಪ್‌ಕಾಕ್ ಹಿಡಿಯಿರಿ, ಬಲಗೈಯಲ್ಲಿ ಕೋನಿಕಲ್ ಫ್ಲಾಸ್ಕ್ ಆಡಿಸುತ್ತಿರಿ. ಬಿದ್ದ ಹನಿಯ ಬಣ್ಣ ಮಾಯವಾಗುವುದು ನಿಧಾನವಾಯಿತಾ? ಒಂದು ಚೂರೇ ಚೂರು ತಿರುಗಿಸಿ. ತುದಿಯಲ್ಲಿ ಅರ್ಧ ಹನಿ ನೇತಾಡುತ್ತದೆ. ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ಡಿಸ್ಟಿಲ್ಡ್ ವಾಟರಿನಿಂದ ಕೆಳಗಿಳಿಸಿ. ಈ ಅರ್ಧ ಹನಿಯ ಕೆಲಸ ರಬ್ಬರ್ ಕೊಳವೆಯಲ್ಲಿ ನನ್ನ ಕೈಗಂತೂ ಬಗ್ಗಿಲ್ಲ. ಗಾಜಿನಲ್ಲಿ ಬರುತ್ತದೆ, ಆದರೆ ವ್ಯಾಸಲೀನ್ ಸರಿಯಾಗಿ ಕೂತ ದಿನ ಮಾತ್ರ.

ಹೊಸದಾಗಿ ಕೊಳ್ಳುವುದಾದರೆ ಸುಮ್ನೆ ಟೆಫ್ಲಾನಿನದೇ ಕೊಳ್ಳಿ. ಗಾಜಿನ ಹಳೆಯವನ್ನು ಎಸೆಯಬೇಡಿ, ಆಸಿಡ್‌ಗೂ ಪರ್ಮಾಂಗನೇಟಿಗೂ ಧಾರಾಳವಾಗಿ ಸಾಕು. ಪರ್ಮಾಂಗನೇಟಿನ ಬಣ್ಣ ಗಾಢ ಅಲ್ವಾ, ಅದರ ಮೇಲ್ಮೈ ಬಾಗಿದ ಕಡೆಯ ತಳ ಕಾಣುವುದಿಲ್ಲ. ಪರ್ಮಾಂಗನೇಟಿಗೆ ಯಾವ ಬ್ಯುರೆಟ್ ಆದರೂ ಮೇಲಿನ ಅಂಚನ್ನೇ ಓದಿ, ಮೊದಲೂ ಕೊನೆಗೂ.